ಇನಿಷಿಯಲ್‌ನಲ್ಲಿ ಉಳಿದ ಊರು

ಎಚ್. ನರಸಿಂಹಯ್ಯ ಎಂಬ ಹೆಸರು ಓದುವಾಗ ಮೊದಲಕ್ಷರದ ಹತ್ತಿರ ಯಾರೂ ನಿಲ್ಲುವುದಿಲ್ಲ. ಆ ಅಕ್ಷರ ಒಂದು ಊರು: ಗೌರಿಬಿದನೂರು ತಾಲ್ಲೂಕಿನ ಹೊಸೂರು. ನಾಡೆಲ್ಲ ಹಂಪನಾ ಎಂದು ಕರೆಯುವ ಹಂಪ ನಾಗರಾಜಯ್ಯನವರ ‘ಹಂ’ ಕೂಡ ಹಾಗೆಯೇ. ಅದು ಅದೇ ಸೀಮೆಯ ಹಂಪಸಂದ್ರ. ಒಬ್ಬರು ಭೌತವಿಜ್ಞಾನಿ, ಇನ್ನೊಬ್ಬರು ಹಳಗನ್ನಡದ ವಿದ್ವಾಂಸರು. ಬೆಂಗಳೂರಿಗೆ ಹೋಗಿ ದೊಡ್ಡವರಾದ ಮೇಲೂ ಇಬ್ಬರೂ ಹುಟ್ಟಿದ ಹಳ್ಳಿಯನ್ನು ಹೆಸರಿನ ಮುಂದೆ ಹೊತ್ತುಕೊಂಡೇ ತಿರುಗಿದರು.

ಅವರು ಊರನ್ನು ಹೊತ್ತರು. ಊರು ಅವರ ಕಥೆಯನ್ನು ಎಷ್ಟು ಹೊತ್ತಿದೆ? ತಾಲ್ಲೂಕಿನಲ್ಲಿ ಯುವಕ ಸಂಘಗಳಿವೆ, ಮಹಿಳಾ ಸಂಘಗಳಿವೆ, ಕನ್ನಡ ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕವಿದೆ. ಊರಿನ ಬರಹಗಾರರೊಬ್ಬರು ಇಂಥ ಸಂಘದ ಇಪ್ಪತ್ತು ಮೂವತ್ತು ಜನರ ಮುಂದೆ ಕೂತು ಊರಿನ ಕಥೆ ಹೇಳಿದರೆ ಏನಾಗುತ್ತದೆಂದು ಯೋಚಿಸಿ. ಕೇಳುವವರಲ್ಲಿ ಒಬ್ಬ ಅಜ್ಜ ಎದ್ದು, ‘ಅಲ್ಲ ಸ್ವಾಮಿ, ಆ ಬಾವಿ ಇದ್ದದ್ದು ಈ ಕಡೆ’ ಅನ್ನುತ್ತಾರೆ. ಪುಸ್ತಕ ಓದುತ್ತಾ ಒಬ್ಬರೇ ಕೂತವರಿಗೆ ಈ ತಿದ್ದುವ ಮಾತು ಸಿಗುವುದಿಲ್ಲ. ಊರಿನ ಕಥೆ ಊರಿನಲ್ಲೇ ಹೇಳಬೇಕು ಎಂಬುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದು.

ಹೇಳುವುದಕ್ಕೆ ಸಾಮಗ್ರಿಗೇನೂ ಬರವಿಲ್ಲ. ಎಚ್ಚೆನ್ ಎಂದೇ ಹೆಸರಾದ ನರಸಿಂಹಯ್ಯ ತಮ್ಮ ಆತ್ಮಕಥೆಗೆ ‘ಹೋರಾಟದ ಹಾದಿ’ ಎಂದು ಹೆಸರಿಟ್ಟರು. ಆ ಹಾದಿ ಅಕ್ಷರಶಃ ಹಾದಿಯೂ ಹೌದು. 1920ರ ಜೂನ್ 6ರಂದು ಬಡವರ ಮನೆಯಲ್ಲಿ ಹುಟ್ಟಿದ ಹುಡುಗ ಊರಿನ ಶಾಲೆಯ ಓದು ಮುಗಿಸಿ, 1935ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದೇ ಹೋದ. ಸುಮಾರು ಎಂಬತ್ತು ಕಿಲೋಮೀಟರ್. ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ತಂದು ಹೇಳಿದ್ದು ಇದೇ ಹುಡುಗ. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು. ಮುಂದೆ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಪವಾಡಗಳನ್ನು ಪರೀಕ್ಷೆಗೆ ಒಡ್ಡಿ ಎಂದು ಕೇಳಿ ನಾಡಿನಲ್ಲೆಲ್ಲ ಸುದ್ದಿಯಾದರು. ಇಷ್ಟಾದರೂ ಬದುಕಿದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ, ಖಾದಿ ಉಟ್ಟುಕೊಂಡು.

ಅವರು ಮಾಡಿದ ಇನ್ನೊಂದು ಕೆಲಸ ನಮ್ಮ ಮಾತಿಗೆ ನೇರವಾಗಿ ಹೊಂದುತ್ತದೆ. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನಲ್ಲಿ ವಾರಕ್ಕೊಂದು ಉಪನ್ಯಾಸ ನಡೆಯುತ್ತಿತ್ತು. ಯಾರು ಬೇಕಾದರೂ ಬಂದು ಕೂರಬಹುದು, ಪ್ರಶ್ನೆ ಕೇಳಬಹುದು. ಪ್ರಶ್ನೆ ಕೇಳುವ ಸಭೆಯೇ ನಿಜವಾದ ಸಭೆ ಎಂಬುದು ಅವರ ನಡೆಯಲ್ಲೇ ಇತ್ತು. ಊರಿನ ಸಂಘಗಳಿಗೆ ಬೇರೆ ಮಾದರಿ ಹುಡುಕುವ ಅಗತ್ಯವಿಲ್ಲ, ಹೊಸೂರಿನ ಮಗನೇ ತೋರಿಸಿಕೊಟ್ಟಿದ್ದಾರೆ. ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ಬಂದದ್ದೂ ಅವರ ಪ್ರಯತ್ನದಿಂದಲೇ. ಊರ ಮಕ್ಕಳು ತಮ್ಮಂತೆ ಎಂಬತ್ತು ಕಿಲೋಮೀಟರ್ ನಡೆಯುವುದು ಬೇಡ ಎಂದು ಅವರಿಗೆ ಅನ್ನಿಸಿದ್ದಿರಬೇಕು ಎಂದೇ ನಾನು ನಂಬಿದ್ದೇನೆ.

ಊರಿನವರೇ ಕೂತು ಮಾತಾಡಬೇಕಾದ ಕಥೆ ಇನ್ನೊಂದಿದೆ. ಅದು ಗೌರಿಬಿದನೂರು ಪಟ್ಟಣದಿಂದ ಹಿಂದೂಪುರದ ಕಡೆಗೆ ಕೆಲವೇ ಕಿಲೋಮೀಟರ್ ದೂರದ ವಿದುರಾಶ್ವತ್ಥದ್ದು. ಉತ್ತರ ಪಿನಾಕಿನಿಯ ದಂಡೆಯ ಈ ಕ್ಷೇತ್ರದಲ್ಲಿ ಅಶ್ವತ್ಥದ ಸಸಿ ನೆಟ್ಟವನು ಮಹಾಭಾರತದ ವಿದುರ ಎಂದು ಸ್ಥಳಪುರಾಣ ಹೇಳುತ್ತದೆ. ಬಿದನೂರು ಎಂದರೆ ವಿದುರನ ಊರು ಎಂದು ಅರ್ಥ ಬಿಡಿಸುವವರೂ ಇದ್ದಾರೆ. ಮಕ್ಕಳ ಫಲಕ್ಕಾಗಿ ಹರಕೆ ಹೊತ್ತವರು ಪ್ರತಿಷ್ಠಾಪಿಸಿದ ನಾಗರಕಲ್ಲುಗಳು ಅಲ್ಲಿ ಸಾಲುಸಾಲಾಗಿ ನಿಂತಿವೆ. ಹಳೆಯ ಆ ಮರ 2001ರಲ್ಲಿ ಉರುಳಿಬಿತ್ತು. ನೆರಳು ಹೋಯಿತು, ಕಲ್ಲುಗಳು ಉಳಿದವು.

ಮಾತಾಡಬೇಕಾದ ಕಥೆ ನಡೆದದ್ದು ಆ ಮರ ಇನ್ನೂ ನಿಂತಿದ್ದ ಕಾಲದಲ್ಲಿ, 1938ರ ಏಪ್ರಿಲ್ 25ರಂದು. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಬಾರದೆಂಬ ಅಪ್ಪಣೆ ಇತ್ತು. ಅದೇ ತಿಂಗಳು ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು, ಅದರ ಬಿಸಿ ವಿದುರಾಶ್ವತ್ಥಕ್ಕೂ ತಟ್ಟಿತು. ನಿಷೇಧಾಜ್ಞೆ ಇದ್ದರೂ ಸುತ್ತಲ ಹಳ್ಳಿಗಳಿಂದ ಜನ ಬಂದು ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತೆರಡು ಮಂದಿ ಎಂದು ಜನ ಹೇಳುತ್ತಾರೆ. ಸರ್ಕಾರ ಆಗ ಕೊಟ್ಟ ಲೆಕ್ಕ ಅದಕ್ಕಿಂತ ತೀರಾ ಕಡಿಮೆ. ಈ ಸುದ್ದಿ ಗಾಂಧೀಜಿಯವರೆಗೂ ಹೋಯಿತು. ಅವರ ಕಡೆಯಿಂದ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯೂ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತುಕತೆ ನಡೆದು, ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವೂ ಹಾರಬಹುದೆಂಬ ಒಪ್ಪಂದವಾಯಿತು. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಈ ಜಾಗವನ್ನು ಕರೆಯುವುದು ಅಂದಿನ ಆ ಗುಂಡಿನ ದಾಳಿಯ ಕಾರಣಕ್ಕೇ. ಇಂದು ಅಲ್ಲಿ ಹುತಾತ್ಮರ ಸ್ಮಾರಕವಿದೆ, ಸ್ವಾತಂತ್ರ್ಯ ಹೋರಾಟದ ಚಿತ್ರಗಳಿರುವ ವೀರಸೌಧವಿದೆ.

ಎರಡು ಲೆಕ್ಕಗಳು ಹೊಂದದಿರುವ ಕಡೆಯೇ ಊರಿನ ಬಾಯಿಮಾತಿಗೆ ಬೆಲೆ ಬರುತ್ತದೆ. ಗುಂಡೇಟಿಗೆ ಬಿದ್ದವರ ಮನೆಯಲ್ಲಿ ಆಮೇಲೆ ಒಲೆ ಹೇಗೆ ಹೊತ್ತಿತು, ಗಾಯಗೊಂಡು ಉಳಿದವರು ಯಾರ ಮನೆಯಲ್ಲಿ ಅಡಗಿದರು, ಇದು ಯಾವ ಸರ್ಕಾರಿ ಕಡತದಲ್ಲೂ ಸಿಗುವ ಸಂಗತಿಯಲ್ಲ. ಸೊಸೆಗೆ ಅತ್ತೆ ಹೇಳಿದ್ದು, ಮೊಮ್ಮಗನಿಗೆ ತಾತ ಹೇಳಿದ್ದು ಮಾತ್ರ ಉಳಿದಿರುತ್ತದೆ. 1938ರಲ್ಲಿ ಹತ್ತು ವರ್ಷವಾಗಿದ್ದ ಹುಡುಗನಿಗೆ ಈಗ ನೂರು ತುಂಬುತ್ತಾ ಬಂದಿದೆ. ಕಣ್ಣಾರೆ ಕಂಡವರು ಇನ್ನೆಷ್ಟು ಮಂದಿ ಇದ್ದಾರು? ಕೇಳಿದವರನ್ನಾದರೂ ನಾವು ಕೇಳಬೇಕಲ್ಲವೇ?

ಇಲ್ಲಿ ಭಾಷೆಯ ಮಾತೂ ಇದೆ. ಇದು ಆಂಧ್ರದ ಗಡಿ. ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಅಜ್ಜಿ ಕಥೆ ತೆಗೆದರೆ ಅರ್ಧ ವಾಕ್ಯ ಆ ಭಾಷೆಯಲ್ಲಿ, ಉಳಿದರ್ಧ ಈ ಭಾಷೆಯಲ್ಲಿ. ಬರೆಯುವವರು ಅದನ್ನು ಶುದ್ಧ ಗ್ರಂಥಕನ್ನಡಕ್ಕೆ ತಿರುಗಿಸಿದರೆ ಕಥೆಯ ರುಚಿ ಹೋಗುತ್ತದೆ. ಊರಿನ ಬರಹಗಾರರಿಗೆ ಮಾತ್ರ ಆ ಎರಡೂ ಕಿವಿ ಇರುತ್ತವೆ.

ಹಂಪನಾ ಅವರಿಗೆ 2024ರ ಮೈಸೂರು ದಸರಾ ಉದ್ಘಾಟಿಸುವ ಗೌರವ ಸಿಕ್ಕಾಗ ಈ ಸೀಮೆಯ ಜನ ಹೆಮ್ಮೆಪಟ್ಟರು. ಹೆಮ್ಮೆ ಒಳ್ಳೆಯದೇ. ಆದರೆ ‘ಚಾರುವಸಂತ’ ಬರೆದವರು ಹಂಪಸಂದ್ರದ ಯಾವ ಬೀದಿಯಲ್ಲಿ ಆಡಿ ಬೆಳೆದರು ಎಂದು ಅಲ್ಲಿನ ಹೈಸ್ಕೂಲು ಮಕ್ಕಳಿಗೆ ಗೊತ್ತಿದ್ದರೆ ಆ ಹೆಮ್ಮೆಗೆ ಬೇರು ಬರುತ್ತದೆ.

ಗೌರಿಬಿದನೂರಿನ ಸಂಘಗಳಿಗೆ, ಪರಿಷತ್ತಿನ ಗೆಳೆಯರಿಗೆ ನನ್ನದೊಂದು ಕೋರಿಕೆ. ಬರುವ ಏಪ್ರಿಲ್ 25ಕ್ಕೆ ಹಾರ ಹಾಕಿ ಭಾಷಣ ಮುಗಿಸಿದ ಮೇಲೆ ಒಂದು ಗಂಟೆ ಹೆಚ್ಚಿಗೆ ಕೂತುಕೊಳ್ಳಿ. ಊರಿನಲ್ಲಿ ಬರೆಯುವವರನ್ನು ಮುಂದೆ ಕೂರಿಸಿ, ಹಿರಿಯರನ್ನು ಅವರ ಪಕ್ಕದಲ್ಲಿ ಕೂರಿಸಿ, ಮೊಬೈಲಿನಲ್ಲಿ ಧ್ವನಿ ದಾಖಲಿಸಿಕೊಳ್ಳಿ. ಹೇಳಿದವರ ಹೆಸರು, ಹಳ್ಳಿ, ತಾರೀಖು ಬರೆದಿಡಿ. ಒಂದು ಪ್ರತಿ ತಾಲ್ಲೂಕು ಗ್ರಂಥಾಲಯಕ್ಕೆ ಕೊಡಿ, ಇನ್ನೊಂದನ್ನು ವೀರಸೌಧಕ್ಕೆ ತಲುಪಿಸಿ.