ಹಸಿ ಹಲಗೆಯನ್ನು ಗಾಳಿಯಲ್ಲಿ ಒಣಗಿಸುವ ಕ್ರಮ

ಹಿತ್ತಲಲ್ಲಿ ನಲವತ್ತು ಐವತ್ತು ವರ್ಷ ಬೆಳೆದ ಹಲಸು, ಹೆಬ್ಬಲಸು ಅಥವಾ ಸಾಗುವಾನಿ ಮರವನ್ನು ಹೊಸ ಮನೆಯ ಕೆಲಸಕ್ಕೆಂದು ಕಡಿಸುವುದು ಉಡುಪಿ, ಕಾಪು, ಕಾರ್ಕಳ ಕಡೆಯ ರೈತರಲ್ಲಿ ರೂಢಿ. ಮರ ಬೆಳೆಯಲು ಅಷ್ಟು ವರ್ಷ ಕಾದವರು ಹಲಗೆ ಒಣಗಲು ಕೆಲವು ತಿಂಗಳು ಕಾಯುವುದಿಲ್ಲ. ಮಿಲ್ಲಿನಿಂದ ಬಂದ ವಾರದಲ್ಲೇ ಆಚಾರಿ ಕೆಲಸ ಆರಂಭವಾಗುತ್ತದೆ. ಮೊದಲ ಬೇಸಗೆಯಲ್ಲೇ ಬಾಗಿಲ ಹಲಗೆಗಳ ನಡುವೆ ಸಂದು ಬಿಡುತ್ತದೆ, ದಾರಂದ ತಿರುಚುತ್ತದೆ. ಇಂಥ ಹಾನಿಗೆ ಮುಖ್ಯ ಕಾರಣ ಹಲಗೆಯಲ್ಲಿ ಉಳಿದ ನೀರು. ಅದನ್ನು ಹೊರಹಾಕಲು ಯಂತ್ರ ಬೇಡ, ಸರಿಯಾದ ಕಾಲ ಮತ್ತು ಸರಿಯಾದ ಅಟ್ಟಿ ಸಾಕು.

ಹಲಗೆ ಏಕೆ ಕುಗ್ಗುತ್ತದೆ?

ಆಗ ತಾನೇ ಕಡಿದ ಮರದಲ್ಲಿ ಅದರ ಒಣ ತೂಕದ ಅರ್ಧಕ್ಕಿಂತ ಹೆಚ್ಚು, ಕೆಲವು ಮರಗಳಲ್ಲಿ ಅಷ್ಟೇ ತೂಕದ ನೀರಿರುತ್ತದೆ. ಮೊದಲು ಹೋಗುವುದು ಮರದ ಸೂಕ್ಷ್ಮ ನಾಳಗಳಲ್ಲಿ ತುಂಬಿದ ನೀರು. ಆಗ ಹಲಗೆ ಹಗುರಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ತೇವಾಂಶ ಸುಮಾರು ಶೇಕಡಾ 30ಕ್ಕಿಂತ ಕೆಳಗಿಳಿದ ಮೇಲೆ ನಾರಿನೊಳಗಿನ ನೀರು ಹೋಗತೊಡಗಿ ಕುಗ್ಗುವಿಕೆ ಆರಂಭವಾಗುತ್ತದೆ. ಉದ್ದದಲ್ಲಿ ಇದು ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಅಗಲದಲ್ಲಿ ಹೆಚ್ಚು. 12 ಅಂಗುಲ ಅಗಲದ ಹಲಗೆ ಶೇಕಡಾ 3ರಷ್ಟು ಕುಗ್ಗಿದರೂ ಸುಮಾರು 3 ನೂಲು ಕಡಿಮೆಯಾಗುತ್ತದೆ (ಅಂಗುಲಕ್ಕೆ 8 ನೂಲು). ಇದೆಲ್ಲ ಕೀಸುಳಿ ಹಾಕುವ ಮೊದಲೇ ಆಗಿಹೋಗಬೇಕು.

ಕಾಲ

ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ತಿಂಗಳುಗಳಲ್ಲಿ ಹಸಿ ಹಲಗೆ ಒಣಗುವ ಬದಲು ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಅಕ್ಟೋಬರ್ ಕೊನೆಗೆ ಅಥವಾ ನವೆಂಬರ್‌ನಲ್ಲಿ ಮರ ಕಡಿಸಿ, ದಿಮ್ಮಿಯನ್ನು ನೆಲದಲ್ಲಿ ಬಿಡದೆ ಬೇಗನೆ ಸೀಳಿಸಿರಿ. ಆಗ ಮುಂದಿನ ಐದಾರು ತಿಂಗಳ ಒಣ ಹವೆ ನಿಮ್ಮದಾಗುತ್ತದೆ.

ಸ್ವಂತ ಜಾಗದ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಹಲವು ಜಾತಿಗಳಿಗೆ ಅನುಮತಿ ಬೇಕು. ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲೇ ವಿಚಾರಿಸಿರಿ.

ಅಟ್ಟಿ ಹಾಕುವ ಕ್ರಮ

ಪರ್ಯಾಯಕ್ಕೆ ಮೊದಲು ಕಟ್ಟಿಗೆ ಮುಹೂರ್ತ ನಡೆಸಿ, ಉಡುಪಿಯ ಮಠದ ಬಳಿ ಸೌದೆಯನ್ನು ರಥದ ಆಕಾರದಲ್ಲಿ ಒಟ್ಟುವುದನ್ನು ನೀವು ನೋಡಿರಬಹುದು. ನೆಲಕ್ಕೆ ಚೆಲ್ಲದೆ ಎತ್ತರಕ್ಕೆ ಒಟ್ಟಿದ ಸೌದೆಯ ಸಂದುಗಳಲ್ಲಿ ಗಾಳಿ ಆಡುತ್ತದೆ. ಹಲಗೆಗೂ ಗಾಳಿಯೇ ಮುಖ್ಯ. ಆದರೆ ಹಲಗೆ ಬಾಗದಂತೆಯೂ ನೋಡಿಕೊಳ್ಳಬೇಕು.

1. ಹಲಗೆಯ ಎರಡೂ ತುದಿಗಳಿಗೆ ಸೀಳಿಸಿದ ದಿನವೇ ಡಾಂಬರು ಅಥವಾ ದಪ್ಪ ಬಣ್ಣ ಬಳಿಯಿರಿ. ತುದಿಯಿಂದ ನೀರು ಬಲು ಬೇಗ ಹೋಗಿ ಅಲ್ಲಿ ಬಿರುಕು ಬಿಡುತ್ತದೆ.

2. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕೆಂಪುಕಲ್ಲುಗಳನ್ನಿಟ್ಟು, ಮೇಲೆ ಅಡ್ಡ ತೊಲೆಗಳನ್ನು ಒಂದೇ ಮಟ್ಟಕ್ಕೆ ಕೂಡಿಸಿರಿ. ಮಟ್ಟ ತಪ್ಪಿದರೆ ಹಲಗೆಯೂ ಹಾಗೆಯೇ ತಿರುಚಿ ಒಣಗುತ್ತದೆ.

3. ಪ್ರತಿ ಸಾಲಿನ ನಡುವೆ ಒಂದಂಗುಲ ದಪ್ಪದ ಒಣ ರೀಪುಗಳನ್ನು ಎರಡು ಅಡಿಗೊಂದರಂತೆ ಅಡ್ಡಲಾಗಿ ಇಡಿರಿ. ಮೇಲಿನ ರೀಪು ಕೆಳಗಿನದರ ನೇರಕ್ಕೇ ಬರಬೇಕು. ಹಸಿ ರೀಪು ಬಳಸಿದರೆ ಹಲಗೆಗೆ ಕಲೆ ಬೀಳುತ್ತದೆ.

4. ಪಕ್ಕದ ಹಲಗೆಗಳ ನಡುವೆ ಒಂದಂಗುಲ ಸಂದು ಬಿಡಿರಿ. ಅಟ್ಟಿಯ ಅಗಲ ನಾಲ್ಕೈದು ಅಡಿ ಮೀರದಿರಲಿ.

5. ಮೇಲಿನ ಸಾಲಿನ ಮೇಲೆ ಕಲ್ಲಿನ ಭಾರ ಹೇರಿರಿ. ಹಂಚು ಅಥವಾ ತಗಡಿನ ಮಾಡು ಸುತ್ತಲೂ ಎರಡು ಅಡಿ ಹೊರಗೆ ಚಾಚಿರಲಿ.

ಬಿಸಿಲಿಗೆ ಹರಡುವುದು ತಪ್ಪು. ಹೊರಮೈ ಬೇಗ ಒಣಗಿ ಕುಗ್ಗುವಾಗ ಒಳಗಿನ್ನೂ ಹಸಿಯಾಗಿದ್ದು ಹಲಗೆ ಬಿರಿಯುತ್ತದೆ. ಪ್ಲಾಸ್ಟಿಕ್ ಹಾಳೆ ಸುತ್ತುವುದೂ ಸಲ್ಲದು, ತೇವ ಒಳಗೇ ನಿಲ್ಲುತ್ತದೆ.

ಹುಳುವಿನ ಬಾಧೆ

ಮಾವು, ರಬ್ಬರ್ ಮರ ಹಾಗೂ ಯಾವುದೇ ಮರದ ಹೊರಗಿನ ಬಿಳಿ ಭಾಗದಲ್ಲಿ ಪಿಷ್ಟವಿರುವುದರಿಂದ ಕೊರೆಯುವ ಹುಳು ಬೇಗ ಬೀಳುತ್ತದೆ. ಹಿರಿಯರು ದಿಮ್ಮಿಗಳನ್ನು ಕೆರೆಯ ನೀರಿನಲ್ಲಿ ಮುಳುಗಿಸಿಡುತ್ತಿದ್ದುದರಿಂದ ಈ ಪಿಷ್ಟ ಕಡಿಮೆಯಾಗುತ್ತಿತ್ತು. ಹೀಗೆ ನೆನೆಸಿದ ಮರವನ್ನೂ ಆಮೇಲೆ ಅಟ್ಟಿಯಲ್ಲಿ ಒಣಗಿಸಲೇಬೇಕು. ಈಗ 100 ಲೀಟರ್ ನೀರಿಗೆ ಸುಮಾರು 2.5 ಕಿಲೋ ಬೋರಿಕ್ ಆಮ್ಲ, 3.5 ಕಿಲೋ ಬೊರಾಕ್ಸ್ ಕರಗಿಸಿ, ಸೀಳಿದ ಹಲಗೆಗಳನ್ನು ಅದ್ದಿ ಅಟ್ಟಿ ಹಾಕಬಹುದು. ಮಳೆಗೆ ತೋಯುವ ಮರಕ್ಕೆ ಇದು ಉಪಯೋಗವಿಲ್ಲ. ಕೈಚೀಲ ಧರಿಸಿರಿ. ದ್ರಾವಣವನ್ನು ಬಾವಿ, ಕಲಗಚ್ಚಿನ ಬಾನಿಗಳಿಂದ ದೂರವಿಡಿರಿ.

ಒಣಗಿದ್ದು ತಿಳಿಯುವುದು ಹೇಗೆ?

ಒಣ ಹವೆಯಲ್ಲಿ ಒಂದಂಗುಲದ ಹಲಗೆಗೆ ಮೂರು ನಾಲ್ಕು ತಿಂಗಳು ಬೇಕಾಗಬಹುದು. ದಾರಂದದ ದಪ್ಪ ಮರವನ್ನು ಮಾಡಿನಡಿಯಲ್ಲೇ ಮಳೆಗಾಲ ಕಳೆಯಿಸಿ ಎರಡನೆಯ ಬೇಸಗೆಯಲ್ಲಿ ಬಳಸುವುದು ಮೇಲು. ಕಡಲಿಗೆ ಹತ್ತಿರದ ಆದಿ ಉಡುಪಿ, ಮಲ್ಪೆ ಕಡೆ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಇನ್ನೂ ತಡವಾಗಬಹುದು. ತಿಂಗಳ ಲೆಕ್ಕಕ್ಕಿಂತ ತೂಕವನ್ನೇ ನಂಬಿರಿ. ಅಟ್ಟಿಯ ನಡುವಿನ ಒಂದು ಹಲಗೆಯನ್ನು ಗುರುತು ಮಾಡಿ ಹದಿನೈದು ದಿನಕ್ಕೊಮ್ಮೆ ತೂಗಿರಿ. ತೂಕ ಇಳಿಯುತ್ತಿರುವವರೆಗೆ ಕಾಯಿರಿ.

ಖಚಿತ ಲೆಕ್ಕ ಬೇಕಾದರೆ ಹಲಗೆಯ ತುದಿಯಿಂದ ಒಂದಡಿ ಒಳಗೆ ಒಂದಂಗುಲದ ತುಂಡು ಕತ್ತರಿಸಿ ತೂಗಿ, ಒಲೆಪೆಟ್ಟಿಗೆಯಲ್ಲಿ ಸುಮಾರು 103 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿರಿ. 230 ಗ್ರಾಂ ಇದ್ದದ್ದು 200ಕ್ಕೆ ನಿಂತರೆ, ಹೋದ ನೀರು 30 ಗ್ರಾಂ, ತೇವಾಂಶ ಶೇಕಡಾ 15. ಕರಾವಳಿಯ ಬಾಗಿಲು ಕಿಟಕಿಗಳಿಗೆ ಇಷ್ಟು ಒಣಗಿದರೆ ಸಾಕು.

ಕೂಡಿಸುವಾಗ ಎಚ್ಚರ

ಒಣಗಿದ ಮರವೂ ಮಳೆಗಾಲದ ಗಾಳಿಯಿಂದ ತೇವ ಹೀರಿ ತುಸು ಉಬ್ಬುತ್ತದೆ. ಏಪ್ರಿಲ್‌ನಲ್ಲಿ ಬಿಗಿಯಾಗಿ ಕೂಡಿಸಿದ ಬಾಗಿಲು ಜುಲೈನಲ್ಲಿ ಮುಚ್ಚಲು ಬಾರದು. ಬೇಸಗೆಯಲ್ಲಿ ಕೂಡಿಸುವುದಾದರೆ ಒಂದು ನೂಲಿನಷ್ಟು ಸಂದು ಬಿಡಲು ಆಚಾರಿಗೆ ಹೇಳಿರಿ. ಬಾಗಿಲಿನ ಮೇಲಿನ, ಕೆಳಗಿನ ಅಂಚುಗಳಿಗೂ ಬಣ್ಣ ತಪ್ಪದಿರಲಿ.

ಬರುವ ವರ್ಷ ಮನೆ ಕಟ್ಟುವ ಯೋಚನೆಯಿದ್ದರೆ ಈ ದೀಪಾವಳಿಯ ಹೊತ್ತಿಗೇ ಮರ ಸೀಳಿಸಿ ಅಟ್ಟಿ ಹಾಕಿರಿ. ಹಲಗೆಯ ಮೇಲೆ ತಾರೀಕು ಬರೆದಿಡಿರಿ.