ಕಡತ ಮತ್ತು ಓಲೆ: ಗಣಕಯಂತ್ರವು ಬರಹವನ್ನು ಸ್ಥಿರಗೊಳಿಸುವ ಕಾಲ

ಕರಿಯ ಲೇಪವನ್ನು ಹಚ್ಚಿ ಮಡಿಸಿದ ಬಟ್ಟೆಯ ಮೇಲೆ ಬಳಪದಿಂದ ಬರೆಯುತ್ತಿದ್ದ ಪುಸ್ತಕಕ್ಕೆ ಕನ್ನಡನಾಡಿನಲ್ಲಿ ಕಡತವೆಂದು ಹೆಸರು. ಅದರ ಬರಹವನ್ನು ಅಳಿಸಬಹುದಾಗಿದ್ದಿತು. ಓಲೆಯಲ್ಲಿ ಕಂಟದಿಂದ ಕೊರೆದುದು ಹಾಗೆ ಅಳಿಯದು. ಗಣಕಯಂತ್ರದ ಫೈಲಿಗೂ ಈಗ ಕಡತವೆಂಬ ಹೆಸರೇ ಸಂದಿರುವುದು. ಬರೆದ ಮೊದಲ ಕೆಲವು ಕ್ಷಣಗಳ ಮಟ್ಟಿಗೆ ಈ ಹೆಸರು ಅನ್ವರ್ಥವೇ ಸರಿ.

ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ವಿದ್ವಾಂಸರೊಬ್ಬರು ಶಾಸನವೊಂದರ ಪಾಠವನ್ನು ತಿದ್ದಿ, 'ಉಳಿಸು' ಎಂದು ಯಂತ್ರಕ್ಕೆ ಆಜ್ಞೆ ಕೊಟ್ಟರೆಂದು ಇಟ್ಟುಕೊಳ್ಳಬಹುದು. ಯಂತ್ರವು ಲಿನಕ್ಸ್ ವ್ಯವಸ್ಥೆಯಿಂದ ನಡೆಯುವುದಾದರೆ, ಬರಹವು ಒಡನೆಯೇ ಡಿಸ್ಕನ್ನು ಸೇರಬೇಕೆಂಬ ನಿಯಮವಿಲ್ಲ. ವ್ಯವಸ್ಥೆಯ ತಿರುಳಾದ ಕರ್ನೆಲ್ ಅದನ್ನು ಮೆಮೊರಿಯಲ್ಲಿ, ಸಾಮಾನ್ಯವಾಗಿ 4096 ಬೈಟುಗಳ ಪುಟಗಳಲ್ಲಿ, ಇರಿಸಿಕೊಂಡು 'ಕೊಳೆಯಾದ ಪುಟ'ವೆಂದು ಗುರುತಿಸುವುದು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕಾದುದರಿಂದ, ಒಂದು ಪುಟದಲ್ಲಿ ಸುಮಾರು 1365 ಸಂಕೇತಗಳು ಹಿಡಿಯುವುವು. ಈ ವಿಳಂಬವು ನಿಷ್ಕಾರಣವಾದುದಲ್ಲ. ಡಿಸ್ಕು ಮೆಮೊರಿಗಿಂತ ಬಹಳ ನಿಧಾನವಾದುದು. ಒಂದು ಪುಟವನ್ನು ಹತ್ತು ಸಲ ತಿದ್ದಿದರೂ ಕಡೆಯ ರೂಪವನ್ನು ಒಮ್ಮೆ ಬರೆದರೆ ಸಾಕಾಗುವುದು.

ಡಿಸ್ಕಿಗೆ ಬರೆಯುವುದಕ್ಕೆ ಮುಖ್ಯವಾದ ನಿಮಿತ್ತಗಳು ಮೂರು. ಮೊದಲನೆಯದು ಕಾಲ: ಯಾರೂ ಬದಲಿಸದಿದ್ದಲ್ಲಿ, ಕರ್ನೆಲ್ 5 ಸೆಕೆಂಡಿಗೊಮ್ಮೆ ಎಚ್ಚತ್ತು, ಕೊಳೆಯಾಗಿ 30 ಸೆಕೆಂಡು ಮೀರಿದ ಪುಟಗಳನ್ನು ಬರೆಯುವುದು. ಎರಡನೆಯದು ಪ್ರಮಾಣ: ಕೊಳೆಯಾದ ಪುಟಗಳು ಲಭ್ಯವಿರುವ ಮೆಮೊರಿಯಲ್ಲಿ ಶೇಕಡ 10ನ್ನು ಮೀರಿದರೆ ಹಿನ್ನೆಲೆಯಲ್ಲಿ ಬರವಣಿಗೆ ಆರಂಭವಾಗುವುದು, ಶೇಕಡ 20ನ್ನು ಮೀರದಂತೆ ಬರೆಯುತ್ತಿರುವ ತಂತ್ರಾಂಶವನ್ನೇ ಕರ್ನೆಲ್ ತಡೆದು ನಿಲ್ಲಿಸುವುದು. ಮೂರನೆಯದು ಕೋರಿಕೆ: ತಂತ್ರಾಂಶವು 'ಎಫ್‌ಸಿಂಕ್' ಎಂಬ ಕರೆಯಿಂದ ಕೇಳಿದರೆ, ಆ ಕಡತವು ಡಿಸ್ಕನ್ನು ಸೇರುವವರೆಗೆ ಉತ್ತರವನ್ನು ಕೊಡದು.

ಈ ಕೋರಿಕೆಯಿಲ್ಲದೆ ಇರುವಾಗ ವಿದ್ಯುತ್ತು ನಿಂತುಹೋದರೆ, ಸುಮಾರು ಅರ್ಧ ನಿಮಿಷದ ತಿದ್ದುಪಾಟು ನಷ್ಟವಾಗಬಹುದು. ಕೋರಿಕೆಯಿದ್ದರೂ ಅದರ ಉತ್ತರವನ್ನು ಎಚ್ಚರಿಕೆಯಿಂದ ಗ್ರಹಿಸಬೇಕು. ಡಿಸ್ಕಿನಲ್ಲಿ ಬರೆಯುವುದು ವಿಫಲವಾದಾಗ ಲಿನಕ್ಸ್ ದೋಷವನ್ನು ಒಮ್ಮೆ ತಿಳಿಸಿ ಪುಟವನ್ನು 'ಶುದ್ಧ'ವೆಂದು ಗುರುತಿಸುತ್ತಿದ್ದಿತು; ಮರಳಿ ಕೇಳಿದರೆ, ಬರಹವು ಸೇರದಿದ್ದರೂ ಸಫಲವೆಂಬ ಉತ್ತರವೇ ಬರುತ್ತಿದ್ದಿತು. 2018ರಲ್ಲಿ ಪೋಸ್ಟ್‌ಗ್ರೆಸ್ ದತ್ತಸಂಚಯದ ನಿರ್ಮಾಪಕರು ಇದನ್ನು ಚರ್ಚೆಗೆ ತಂದರು. 2019ರಿಂದ ಆ ದತ್ತಸಂಚಯವು ಇಂತಹ ದೋಷ ಕಂಡೊಡನೆ ಕೆಲಸವನ್ನು ನಿಲ್ಲಿಸಿ, ತನ್ನ ದಿನಚರಿಯಿಂದ ಬರಹವನ್ನು ಪುನಃ ಕಟ್ಟಿಕೊಳ್ಳುವುದು.

ಕರ್ನೆಲ್‌ಗೆ ಪುಟದ ವಯಸ್ಸೂ ಪ್ರಮಾಣವೂ ತಿಳಿದಿರುವುವೇ ಹೊರತು ಬೆಲೆಯು ತಿಳಿಯದು. ಅಪೂರ್ವವಾದ ಶಾಸನಪಾಠವೂ ಎಸೆಯತಕ್ಕ ಕರಡೂ ಅದಕ್ಕೆ ಸಮಾನ. ಆದಕಾರಣ ಗ್ರಂಥಸಂಪಾದಕರು ತಂತ್ರಾಂಶವನ್ನು ಆರಿಸುವಾಗ, ಅದು ಎಫ್‌ಸಿಂಕನ್ನು ಕೋರುವುದೇ, ದೋಷವನ್ನು ಮುಚ್ಚಿಡದೆ ತಿಳಿಸುವುದೇ ಎಂಬೆರಡನ್ನೂ ವಿಚಾರಿಸತಕ್ಕುದು.