ಕೋಚ್ ಆಗುವ ಮುನ್ನ ಎರಡು ವರ್ಷ

1974ರಲ್ಲಿ ಟೆನೆಸಿಯ ರೈತ ಕುಟುಂಬದ ಹುಡುಗಿ ಪ್ಯಾಟ್ ಹೆಡ್ ಪದವಿ ಮುಗಿಸಿ ನಾಕ್ಸ್‌ವಿಲ್‌ಗೆ ಬಂದಾಗ ಅವರಿಗೆ 22 ವರ್ಷ. ಅಲ್ಲಿನ ಟೆನೆಸಿ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ ಓದುವುದು, ಒಂದಿಷ್ಟು ತರಗತಿ ತೆಗೆದುಕೊಳ್ಳುವುದು, ಜೊತೆಗೆ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್‌ಗೆ ಸಹಾಯಕಿಯಾಗಿ ದುಡಿಯುವುದು, ಇಷ್ಟೇ ಮಾತಾಗಿದ್ದುದು. ಪಂದ್ಯಗಳು ಶುರುವಾಗುವ ಮೊದಲೇ ಕೋಚ್ ದೀರ್ಘ ರಜೆಯ ಮೇಲೆ ಹೋದರು. ಇಡೀ ತಂಡ ಈ ಸಹಾಯಕಿಯ ಪಾಲಿಗೆ ಬಂತು. ಸಂಬಳ ತಿಂಗಳಿಗೆ 250 ಡಾಲರ್. ಆಟಗಾರ್ತಿಯರ ಸಮವಸ್ತ್ರ ಒಗೆಯುವವರೂ ಅವರೇ, ಊರೂರಿಗೆ ವ್ಯಾನ್ ಓಡಿಸುವವರೂ ಅವರೇ. ಆ ಸಮವಸ್ತ್ರಗಳನ್ನು ಕೊಂಡದ್ದು ಡೋನಟ್ ಮಾರಿ ಕೂಡಿಸಿದ ದುಡ್ಡಿನಿಂದ. ಮೊದಲ ಪಂದ್ಯದಲ್ಲಿ ಮರ್ಸರ್ ಎದುರು 84-83, ಒಂದೇ ಅಂಕದ ಸೋಲು. ಮುಂದೆ ಪ್ಯಾಟ್ ಸಮಿಟ್ ಎಂಬ ಹೆಸರಿನಲ್ಲಿ ಅವರು ಅದೇ ತಂಡವನ್ನು 38 ಋತುಗಳ ಕಾಲ ನಡೆಸಿ 1,098 ಪಂದ್ಯ ಗೆದ್ದರು, ಎಂಟು ಸಲ ರಾಷ್ಟ್ರೀಯ ಚಾಂಪಿಯನ್ ಪಟ್ಟ ತಂದರು.

ಪ್ಯಾಟ್ ಬಂದದ್ದು ಗ್ರಾಜುಯೇಟ್ ಅಸಿಸ್ಟೆಂಟ್ ಎಂಬ ಹುದ್ದೆಗೆ. ಮೈದಾನದ ಮಾತಿನಲ್ಲಿ ಅದು ಬರೀ ‘ಜಿಎ’. ಮಕ್ಕಳನ್ನು ಅಮೆರಿಕಕ್ಕೆ ಓದಲು ಕಳಿಸಿರುವ ನಮ್ಮ ಮನೆಗಳಿಗೆ ಟಿಎ, ಆರ್‌ಎ ಎಂಬ ಪದಗಳು ಹೊಸವಲ್ಲ. ಪ್ರೊಫೆಸರ್‌ಗೆ ಪಾಠದಲ್ಲೋ ಸಂಶೋಧನೆಯಲ್ಲೋ ನೆರವಾದರೆ ಫೀಸು ಮಾಫಿ, ಕೈಖರ್ಚಿಗೆ ಸ್ಟೈಪೆಂಡ್. ಜಿಎ ಕೂಡ ಅದೇ ಏರ್ಪಾಡು. ವ್ಯತ್ಯಾಸವಿಷ್ಟೇ: ಇಲ್ಲಿ ಪ್ರೊಫೆಸರ್ ಜಾಗದಲ್ಲಿ ಕೋಚ್, ಲ್ಯಾಬಿನ ಜಾಗದಲ್ಲಿ ಮೈದಾನ.

ಕೋಚ್ ಆಗಬೇಕೆನ್ನುವ ಭಾರತದ ಹುಡುಗ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಕಡೆ ನೋಡುತ್ತಾನೆ. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಎಲ್ಲರೂ ಪಾಸಾಗಿ ಬರಬೇಕಾದ ಅಂಥ ಒಂದು ಪ್ರಮಾಣಪತ್ರವೇ ಇಲ್ಲ. ಅಲ್ಲಿ ಕ್ರೀಡೆ ವಿಶ್ವವಿದ್ಯಾಲಯದ ಒಳಗೇ ಬೆಳೆದಿದೆ. ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಕೋಚ್‌ನ ಸಂಬಳ ರಾಜ್ಯಪಾಲರ ಸಂಬಳಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆ ಕುರ್ಚಿಗೆ ಹೋಗುವ ಏಣಿಯ ಮೊದಲ ಮೆಟ್ಟಿಲು ಬಹುಮಟ್ಟಿಗೆ ಜಿಎ ಹುದ್ದೆಯೇ. ಪರೀಕ್ಷೆಯೂ ಇಲ್ಲ, ರ‍್ಯಾಂಕ್ ಪಟ್ಟಿಯೂ ಇಲ್ಲ ಎಂದಮೇಲೆ ಆ ಮೆಟ್ಟಿಲ ಮೇಲೆ ಕಾಲಿಡುವವರು ಯಾರು?

ಕಣ್ಣಿಗೆ ಬಿದ್ದವರು. ಬಿಲ್ ಸೆಲ್ಫ್ ಅವರ ಕಥೆ ಬ್ಯಾಸ್ಕೆಟ್‌ಬಾಲ್ ವಲಯದಲ್ಲಿ ಎಲ್ಲರಿಗೂ ಬಾಯಿಪಾಠ. 1984ರ ಬೇಸಿಗೆಯಲ್ಲಿ ಅವರು ಓಕ್ಲಹೋಮ ಸ್ಟೇಟ್ ತಂಡದ ಆಟಗಾರ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಕೋಚ್ ಲ್ಯಾರಿ ಬ್ರೌನ್ ನಡೆಸುತ್ತಿದ್ದ ಬೇಸಿಗೆ ಶಿಬಿರದಲ್ಲಿ ಕೆಲಸಕ್ಕೆ ಬಂದಿದ್ದರು. ಅಲ್ಲಿ ಮೊಣಕಾಲಿಗೆ ಪೆಟ್ಟಾಯಿತು. ತನ್ನಿಂದ ಏನಾದರೂ ಸಹಾಯ ಬೇಕಾದರೆ ಹೇಳು ಎಂದರು ಬ್ರೌನ್. ಓದು ಮುಗಿದ ಮೇಲೆ ಜಿಎ ಆಗಿ ಸೇರಿಸಿಕೊಳ್ಳಿ ಎಂದು ಸೆಲ್ಫ್ ಕೇಳಿಯೇಬಿಟ್ಟರು, ಬ್ರೌನ್ ಒಪ್ಪಿಯೇಬಿಟ್ಟರು. ಅದೇ ಕ್ಯಾನ್ಸಸ್‌ಗೆ 2003ರಲ್ಲಿ ಸೆಲ್ಫ್ ಮುಖ್ಯ ಕೋಚ್ ಆಗಿ ಬಂದು 2008 ಮತ್ತು 2022ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಇದನ್ನು ಅದೃಷ್ಟ ಎನ್ನುವವರು ಒಂದು ಅಂಶ ಗಮನಿಸಬೇಕು: ಪೆಟ್ಟಾದಾಗ ಅವರು ಮನೆಯಲ್ಲಿರಲಿಲ್ಲ, ಬ್ರೌನ್ ಅವರ ಅಂಗಳದಲ್ಲಿ ಚಿಕ್ಕ ಮಕ್ಕಳಿಗೆ ಆಟ ಕಲಿಸುತ್ತಿದ್ದರು. ಇಂಥ ಶಿಬಿರಗಳಲ್ಲಿ ಸಿಗುವ ಹಣ ಅಲ್ಪ. ಆದರೆ ನಾಲ್ಕಾರು ದಿನ ಹುಡುಗನೊಬ್ಬ ಹೇಗೆ ಮಾತಾಡುತ್ತಾನೆ, ಎಷ್ಟು ಹೊತ್ತಿಗೆ ಬರುತ್ತಾನೆ, ಬೇಸರವಿಲ್ಲದೆ ಚೆಂಡು ಎತ್ತಿ ಕೊಡುತ್ತಾನೆಯೇ ಎನ್ನುವುದನ್ನು ಕೋಚ್ ಕಣ್ಣಾರೆ ನೋಡುತ್ತಾರೆ. ಯಾವ ಅರ್ಜಿಯೂ ಇದನ್ನು ಹೇಳಲಾರದು.

ಡ್ಯಾನ್ ಲ್ಯಾನಿಂಗ್ ಅವರಿಗೆ ಅಂಥ ಪರಿಚಯವೂ ಇರಲಿಲ್ಲ. ಕ್ಯಾನ್ಸಸ್ ಸಿಟಿ ಬಳಿಯ ಹೈಸ್ಕೂಲಿನಲ್ಲಿ ಪಾಠ ಹೇಳಿಕೊಂಡು, ಫುಟ್‌ಬಾಲ್ ಕಲಿಸಿಕೊಂಡಿದ್ದವರು. 2011ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಟಾಡ್ ಗ್ರಹಾಮ್ ಕೋಚ್ ಆಗಿ ಬಂದಾಗ, ರಾತ್ರಿಯಿಡೀ ಕಾರು ಓಡಿಸಿ, ಸುಮಾರು 1,350 ಕಿಲೋಮೀಟರ್ ದಾಟಿ ಕೆಲಸ ಕೇಳಲು ಹೋದರು. ಜಿಎ ಆದರು. ಇಲ್ಲಿಗೇ ನಿಲ್ಲಿಸಿದರೆ ಇದು ಬರೀ ಛಲದ ಕಥೆ; ನಿಜಕ್ಕೂ ಮೆಚ್ಚಬೇಕಾದದ್ದು ಆಮೇಲಿನದು. 2014ರಲ್ಲಿ ಸ್ಯಾಮ್ ಹ್ಯೂಸ್ಟನ್ ಸ್ಟೇಟ್‌ನಲ್ಲಿ ಪೂರ್ಣಾವಧಿ ಕೋಚ್ ಆಗಿದ್ದವರು 2015ರಲ್ಲಿ ಆ ಹುದ್ದೆ ಬಿಟ್ಟು ಅಲಬಾಮಾದಲ್ಲಿ ಮತ್ತೆ ಜಿಎ ಆಗಿ ಸೇರಿದರು. ಸಂಸಾರಸ್ಥನೊಬ್ಬ ಸಂಬಳದ ಏಣಿಯಲ್ಲಿ ಕೆಳಗಿಳಿದದ್ದು ಒಬ್ಬರ ಕೈಕೆಳಗೆ ಕಲಿಯಲು: ಅಲ್ಲಿನ ಅಂದಿನ ಮುಖ್ಯ ಕೋಚ್ ನಿಕ್ ಸೇಬನ್. 2022ರ ಋತುವಿಗೆ ಲ್ಯಾನಿಂಗ್ ಆರೆಗನ್ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆಗಿದ್ದರು.

ಆ ಸೇಬನ್ ಅವರಿಗಾದರೋ ಕೋಚ್ ಆಗುವ ಆಸೆಯೇ ಇರಲಿಲ್ಲ. 1973ರಲ್ಲಿ ಕೆಂಟ್ ಸ್ಟೇಟ್‌ನಲ್ಲಿ ಅವರ ಓದು ಮುಗಿದಿತ್ತು, ಹೆಂಡತಿ ಟೆರಿಯದು ಇನ್ನೂ ಬಾಕಿ ಇತ್ತು. ಅಲ್ಲಿಯವರೆಗೆ ಊರಲ್ಲೇ ಇರಬೇಕಲ್ಲ ಎಂದು, ಕೋಚ್ ಡಾನ್ ಜೇಮ್ಸ್ ಕರೆದಾಗ ಜಿಎ ಆದರು. ಬಂದಮೇಲೆ ಕೆಲಸವೇ ಅವರನ್ನು ಹಿಡಿದುಕೊಂಡಿತು. 2024ರ ಜನವರಿಯಲ್ಲಿ ನಿವೃತ್ತರಾಗುವಾಗ ಅವರ ಹೆಸರಿನಲ್ಲಿ ಏಳು ರಾಷ್ಟ್ರೀಯ ಪ್ರಶಸ್ತಿಗಳಿದ್ದವು.

ಜಿಎ ಮಾಡುವ ಕೆಲಸ ಟಿವಿಯಲ್ಲಿ ಕಾಣುವಂಥದ್ದಲ್ಲ. ಫುಟ್‌ಬಾಲ್‌ನಲ್ಲಿ ಶನಿವಾರ ಪಂದ್ಯ ಮುಗಿದರೆ ಭಾನುವಾರವೇ ಮುಂದಿನ ಎದುರಾಳಿಯ ವಿಡಿಯೊ ಹರಡಿಕೊಂಡು ಕೂರಬೇಕು. ಪ್ರತಿಯೊಂದು ಆಟವನ್ನೂ ಕತ್ತರಿಸಿ, ಅದು ಎಷ್ಟನೆಯ ಯತ್ನ, ಎಷ್ಟು ಗಜ ಬೇಕಿತ್ತು, ಆಟಗಾರರು ಹೇಗೆ ನಿಂತಿದ್ದರು, ಚೆಂಡು ಯಾವ ಕಡೆ ಹೋಯಿತು ಎಂದು ಗುರುತು ಹಾಕುತ್ತಾ ಹೋಗಬೇಕು. ಇಂಥ ನೂರಾರು ತುಣುಕು ಸೇರಿದಾಗ ಎದುರಾಳಿಯ ಅಭ್ಯಾಸಗಳು ಬಯಲಾಗುತ್ತವೆ. ಆ ಸುಳಿವಿನ ಮೇಲೆ ದೊಡ್ಡ ಕೋಚ್‌ಗಳು ತಂತ್ರ ಹೆಣೆಯುತ್ತಾರೆ. ಆಮೇಲೆ ಕಾರ್ಡುಗಳ ಸರದಿ. ಎದುರಾಳಿಯ ಒಂದೊಂದು ನಡೆಯನ್ನೂ ರಟ್ಟಿನ ಮೇಲೆ ಬಿಡಿಸಿ, ಅಭ್ಯಾಸದ ಹೊತ್ತಿಗೆ ಮೀಸಲು ಆಟಗಾರರಿಗೆ ತೋರಿಸಿ, ಎದುರಾಳಿ ಆಡುವ ಹಾಗೆಯೇ ಆಡಿಸಬೇಕು. ಒಂದು ಗೆರೆ ತಪ್ಪಿದರೂ ಇಡೀ ತಂಡ ತಪ್ಪನ್ನೇ ಅಭ್ಯಾಸ ಮಾಡುತ್ತದೆ. ಇದರ ನಡುವೆ ವಿಮಾನ ನಿಲ್ದಾಣಕ್ಕೆ ಹೋಗಿ ಅತಿಥಿಗಳನ್ನು ಕರೆತರುವುದು, ರಾತ್ರಿ ಊಟ ತರಿಸುವುದು, ಸ್ವಂತ ಪರೀಕ್ಷೆಗೆ ಓದುವುದು. ಅಸಿಸ್ಟೆಂಟ್‌ಶಿಪ್ ಎಂದರೆ ಕಾಗದದ ಮೇಲೆ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ. ಋತು ಶುರುವಾದ ಮೇಲೆ ಆ ಲೆಕ್ಕ ಎರಡು ಮೂರು ದಿನಕ್ಕೇ ಮುಗಿದುಹೋಗುತ್ತದೆ.

ಇಷ್ಟಾದರೂ ಪೈಪೋಟಿ ಕಡಿಮೆಯಿಲ್ಲ. ಮೇಲ್ದರ್ಜೆಯ ಕಾಲೇಜು ಫುಟ್‌ಬಾಲ್‌ನಲ್ಲಿ 130ಕ್ಕೂ ಹೆಚ್ಚು ತಂಡಗಳಿದ್ದರೂ ಒಂದೊಂದರಲ್ಲಿ ಜಿಎ ಜಾಗಗಳು ಬೆರಳೆಣಿಕೆಯಷ್ಟು. ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಈ ಹುದ್ದೆಗೆ ಎರಡು ವರ್ಷದ ಮಿತಿ ಹಾಕಿ, ಓದಿನಲ್ಲಿ ಸಾಕಷ್ಟು ಮುಂದುವರಿದವರಿಗೆ ಮಾತ್ರ ಮೂರನೆಯ ವರ್ಷ ಬಿಡುವ ಪದ್ಧತಿ ಇಟ್ಟುಕೊಂಡು ಬಂದಿದೆ. ಡಿಸೆಂಬರ್, ಜನವರಿಯಲ್ಲಿ ಮುಖ್ಯ ಕೋಚ್‌ಗಳು ಬದಲಾಗುತ್ತಾರೆ, ಅವರ ಬೆನ್ನಿಗೆ ಕೆಳಗಿನ ಜಾಗಗಳೂ ಖಾಲಿಯಾಗುತ್ತವೆ. ಹೀಗಾಗಿ ಪ್ರತಿ ಜನವರಿಯಲ್ಲಿ ನಡೆಯುವ ಅಮೆರಿಕನ್ ಫುಟ್‌ಬಾಲ್ ಕೋಚ್‌ಗಳ ಸಂಘದ ಸಮಾವೇಶಕ್ಕೆ ಕೆಲಸ ಹುಡುಕುವ ಹುಡುಗರು ದಂಡುಗಟ್ಟಿ ಬರುತ್ತಾರೆ. ಉಪನ್ಯಾಸ ಒಳಗೆ ನಡೆಯುತ್ತಿದ್ದರೆ ಹೋಟೆಲಿನ ಲಾಬಿಯಲ್ಲಿ ಕೈಕುಲುಕುವವರ, ಸ್ವಪರಿಚಯ ಪತ್ರ ಹಿಡಿದು ಕಾಯುವವರ ಗುಂಪು. ಲಾಬಿಗಿಂತ ಗಟ್ಟಿಯಾದ ದಾರಿ ಎಂದರೆ ಪದವಿ ಓದುವಾಗಲೇ ಸ್ವಂತ ಕಾಲೇಜಿನ ತಂಡದಲ್ಲಿ ವಿದ್ಯಾರ್ಥಿ ಮ್ಯಾನೇಜರ್ ಆಗಿಯೋ ವಿಡಿಯೊ ಸಹಾಯಕನಾಗಿಯೋ ದುಡಿದಿರುವುದು. ಆಗ ಅಲ್ಲಿನ ಕೋಚ್ ಇನ್ನೊಬ್ಬ ಕೋಚ್‌ಗೆ ಫೋನ್ ಮಾಡಿ ಒಂದು ಮಾತು ಹೇಳುತ್ತಾರೆ.

ಕೋಚ್ ಒಪ್ಪಿದ ಮೇಲೂ ಒಂದು ಬಾಗಿಲು ದಾಟಬೇಕು. ಸ್ನಾತಕೋತ್ತರ ವಿಭಾಗ ಪ್ರವೇಶ ಕೊಡದಿದ್ದರೆ ಹುದ್ದೆಯೂ ಇಲ್ಲ. ಆಟದಲ್ಲೇ ಮುಳುಗಿ ಅಂಕಪಟ್ಟಿ ಮರೆತವರಿಗೆ, ಅರ್ಜಿಯ ಕೊನೆಯ ದಿನಾಂಕ ತಪ್ಪಿಸಿಕೊಂಡವರಿಗೆ ಕೈಗೆ ಬಂದ ಅವಕಾಶ ಇಲ್ಲೇ ಜಾರುತ್ತದೆ.

ದುಡ್ಡಿನ ಮಾತು ಬಂದಾಗ ಈ ವ್ಯವಸ್ಥೆಯನ್ನು ಬರೀ ಹೊಗಳಿ ಮುಂದೆ ಹೋಗಲಾಗದು. ಮನೆಯವರ ಆಸರೆಯಿಲ್ಲದ, ಸಾಲದ ಕಂತು ಕಟ್ಟಬೇಕಾದ ಹುಡುಗ ಎರಡು ವರ್ಷ ಸ್ಟೈಪೆಂಡಿನಲ್ಲಿ ಬದುಕುವುದು ಹೇಗೆ? ಪ್ರತಿಭೆಯಿದ್ದೂ ಎಷ್ಟೋ ಜನ ಈ ಹೊಸ್ತಿಲಿನಿಂದಲೇ ಹಿಂದಿರುಗುತ್ತಾರೆ, ಅದು ಅನ್ಯಾಯ. 1991ರಲ್ಲಿ ಎನ್‌ಸಿಎಎ ಖರ್ಚು ತಗ್ಗಿಸುವ ಹೆಸರಿನಲ್ಲಿ ಫುಟ್‌ಬಾಲ್ ಬಿಟ್ಟು ಉಳಿದ ಆಟಗಳಲ್ಲಿ ಜಿಎ, ಅರೆಕಾಲಿಕ, ವಾಲಂಟಿಯರ್ ಹುದ್ದೆಗಳ ಬದಲು ‘ಸೀಮಿತ ಸಂಪಾದನೆಯ ಕೋಚ್’ ಎಂಬ ಹೊಸ ಹುದ್ದೆ ತಂದು, ವರ್ಷಕ್ಕೆ 16,000 ಡಾಲರ್ ದಾಟುವಂತಿಲ್ಲ ಎಂದು ಕಟ್ಟು ಮಾಡಿತು. ಬ್ಯಾಸ್ಕೆಟ್‌ಬಾಲ್‌ನ ಕಿರಿಯ ಕೋಚ್‌ಗಳು ಕೋರ್ಟಿಗೆ ಹೋದರು. ಎಲ್ಲ ಕಾಲೇಜುಗಳೂ ಒಟ್ಟಾಗಿ ಸಂಬಳ ನಿಗದಿ ಮಾಡುವುದು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು 1995ರಲ್ಲಿ ಕ್ಯಾನ್ಸಸ್‌ನ ಫೆಡರಲ್ ಕೋರ್ಟ್ ಹೇಳಿತು, 1998ರಲ್ಲಿ ಮೇಲಿನ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೊನೆಗೆ 1999ರಲ್ಲಿ 5.45 ಕೋಟಿ ಡಾಲರ್‌ಗೆ ರಾಜಿಯಾಯಿತು. ಸಂಬಳವೇ ಇಲ್ಲದ ವಾಲಂಟಿಯರ್ ಕೋಚ್ ಎಂಬ ವರ್ಗ ಮತ್ತೆ ಬೇಸ್‌ಬಾಲ್‌ನಂಥ ಆಟಗಳಲ್ಲಿ ಬಹುಕಾಲ ಉಳಿದು, ಮೇಲ್ದರ್ಜೆಯಲ್ಲಿ 2023ರ ಜುಲೈನಲ್ಲಷ್ಟೇ ಹೋಯಿತು.

ಇನ್ನು ಓದಿನ ಮಾತು. ಜಿಎಗಳಲ್ಲಿ ಕೆಲವರು ಸ್ನಾತಕೋತ್ತರ ಪದವಿಯನ್ನು ನೆಪಕ್ಕೆ ಎಂಬಂತೆ ಮುಗಿಸುತ್ತಾರೆ. ಅದು ದೊಡ್ಡ ನಷ್ಟ, ಏಕೆಂದರೆ ಈ ವೃತ್ತಿಯಲ್ಲಿ ಮುಖ್ಯ ಕೋಚ್ ಹೋದರೆ ಬಳಗವೆಲ್ಲ ಬೀದಿಗೆ ಬೀಳುತ್ತದೆ; ಆಗ ಕೈಹಿಡಿಯಬಲ್ಲದ್ದು ಆ ಪದವಿಯೇ. ಡಾಬೊ ಸ್ವಿನ್ನಿ ಅಲಬಾಮಾದಲ್ಲಿ ಜಿಎ ಆಗಿದ್ದುಕೊಂಡೇ 1995ರಲ್ಲಿ ಎಂಬಿಎ ಮುಗಿಸಿದರು, ಅಲ್ಲೇ ಪೂರ್ಣಾವಧಿ ಕೋಚ್ ಆದರು. ಮುಖ್ಯ ಕೋಚ್‌ನ ಜೊತೆ ಅವರ ಕೆಲಸವೂ ಹೋದಾಗ ಬರ್ಮಿಂಗ್‌ಹ್ಯಾಮ್‌ನ ರಿಯಲ್ ಎಸ್ಟೇಟ್ ಕಂಪನಿಯೊಂದರಲ್ಲಿ ಎರಡು ವರ್ಷ ದುಡಿದರು. 2003ರಲ್ಲಿ ಕ್ಲೆಮ್ಸನ್ ವಿಶ್ವವಿದ್ಯಾಲಯದ ಕೋಚ್ ಟಾಮಿ ಬೌಡನ್, ಸ್ವಿನ್ನಿ ಆಟಗಾರನಾಗಿದ್ದ ಕಾಲದ ಪರಿಚಯದ ಮೇಲೆ ಅವರನ್ನು ಮತ್ತೆ ಮೈದಾನಕ್ಕೆ ಕರೆದರು. 2008ರ ಅಕ್ಟೋಬರ್‌ನಲ್ಲಿ, ಋತುವಿನ ನಡುವೆಯೇ ಬೌಡನ್ ಹುದ್ದೆ ಬಿಟ್ಟಾಗ ಕ್ಲೆಮ್ಸನ್ ತನ್ನ ತಂಡವನ್ನು ಸ್ವಿನ್ನಿಗೆ ಒಪ್ಪಿಸಿತು.